ಹೊಸ್ತಿಲೊಳಗೆ ಮುಚ್ಚಿಟ್ಟದ್ದರಿಂದ ಯಾರ ಮಾನ ಉಳಿಯಿತು?

ದಾಂಪತ್ಯದಲ್ಲಿ ಬಿರುಕು ಮೂಡಿದಾಗ, ಬೆಳೆದ ಮಗ ದಾರಿ ತಪ್ಪಿದಾಗ, ಹೆರಿಗೆಯ ಬಳಿಕ ಸೊಸೆ ಮಂಕಾಗಿ ಮೂಲೆ ಹಿಡಿದಾಗ ನಮ್ಮ ಮನೆಗಳಲ್ಲಿ ಮೊದಲು ಕೇಳಿಬರುವ ಮಾತೊಂದಿದೆ: ಮನೆಯ ಮಾತು ಹೊಸ್ತಿಲು ದಾಟಬಾರದು. ಸಮುದಾಯದ ವೇದಿಕೆಗಳಲ್ಲಿ ಇದೇ ಮಾತು ಇನ್ನಷ್ಟು ಗಂಭೀರವಾದ ವೇಷ ತೊಡುತ್ತದೆ. ಹೊರಗಿನವರು ಈಗಾಗಲೇ ನಮ್ಮನ್ನು ಹೀನಾಯವಾಗಿ ಚಿತ್ರಿಸುತ್ತಿರುವಾಗ, ನಮ್ಮ ಕುಟುಂಬಗಳ ಕೊರತೆಯನ್ನು ನಾವೇ ಬಹಿರಂಗಪಡಿಸಿದರೆ ವೈರಿಯ ಕೈಗೆ ಬಡಿಗೆ ಕೊಟ್ಟಂತಾಗುವುದಿಲ್ಲವೇ ಎಂದು ಬಲ್ಲವರೇ ಕೇಳುತ್ತಾರೆ. ಕೇಳಲು ಇದು ವಿವೇಕದ ಮಾತು. ಆದರೆ ಈ ವಿವೇಕವು ನೂರು ವರ್ಷಗಳ ಹಿಂದೆಯೇ ಪರೀಕ್ಷೆಗೆ ಒಳಗಾಗಿದೆ ಮತ್ತು ಆ ಪರೀಕ್ಷೆಯಲ್ಲಿ ಸೋತಿದೆ. ಪರೀಕ್ಷೆ ನಡೆದದ್ದು ನ್ಯೂಯಾರ್ಕ್ ನಗರದಲ್ಲಿ, ಅಲ್ಲಿನ ಬಡ ಯಹೂದಿಗಳ ನಡುವೆ.

ಯಹೂದಿಗಳ ಹೆಸರೆತ್ತಿದೊಡನೆ ಕೆಲವು ಓದುಗರ ಹುಬ್ಬು ಗಂಟಿಕ್ಕಬಹುದು. ಫೆಲೆಸ್ತೀನಿನ ನೆಲದಲ್ಲಿ ಇಸ್ರೇಲ್ ಪ್ರಭುತ್ವ ಎಸಗಿದ್ದನ್ನು ಮರೆಯಬೇಕೆಂದು ಯಾರೂ ಹೇಳುತ್ತಿಲ್ಲ. ಆದರೆ ಒಂದು ಪ್ರಭುತ್ವದ ಅಪರಾಧವನ್ನು ಇಡೀ ಜನಾಂಗದ ತಲೆಗೆ ಕಟ್ಟುವುದು ಎಂತಹ ಅನ್ಯಾಯವೆಂಬುದನ್ನು ಇಂದು ನಮಗಿಂತ ಚೆನ್ನಾಗಿ ಬಲ್ಲವರಾರು? ಒಳ್ಳೆಯ ಕೆಲಸವನ್ನು ಯಾರೇ ಮಾಡಿದರೂ ಒಳ್ಳೆಯದೆನ್ನುವ ನ್ಯಾಯಬುದ್ಧಿ ನಮ್ಮಲ್ಲಿ ಉಳಿದಿರಬೇಕು. ಅರಬಿಯ 'ಸದಕಾ' ಮತ್ತು ಹೀಬ್ರೂವಿನ 'ತ್ಸೆದಾಕಾ' ಒಂದೇ ಬೇರಿನ ಎರಡು ಪದಗಳು. ದಾನದಲ್ಲಿ ಎಂಟು ಮೆಟ್ಟಿಲುಗಳಿವೆ. ಬಡವನಿಗೆ ಸಾಲವನ್ನೋ ಉದ್ಯೋಗವನ್ನೋ ಒದಗಿಸಿ ಅವನು ಮತ್ತೆ ಕೈಯೊಡ್ಡದಂತೆ ಮಾಡುವುದೇ ಅತ್ಯುನ್ನತ ಮೆಟ್ಟಿಲು ಎಂದು ವಿವರಿಸಿದ ಯಹೂದಿ ವಿದ್ವಾಂಸ ಮೈಮೊನಿಡಿಸ್ ಹುಟ್ಟಿದ್ದು ಮುಸ್ಲಿಮ್ ಸ್ಪೇನಿನ ಕುರ್ತುಬಾದಲ್ಲಿ, 1204ರಲ್ಲಿ ನಿಧನರಾದದ್ದು ಈಜಿಪ್ಟಿನಲ್ಲಿ, ವೈದ್ಯವೃತ್ತಿ ನಡೆಸಿದ್ದು ಸುಲ್ತಾನ್ ಸಲಾಹುದ್ದೀನರ ಆಸ್ಥಾನದ ಆಶ್ರಯದಲ್ಲಿ.

ಯಹೂದಿಗಳು ಆ ನಗರಕ್ಕೆ ಮೊದಲು ಕಾಲಿಟ್ಟದ್ದು 1654ರಲ್ಲಿ. ಆಗ ಅದು ಡಚ್ಚರ ವಸಾಹತು. ಬಂದವರು ಇಪ್ಪತ್ತಮೂರು ಮಂದಿ. ಗವರ್ನರ್ ಸ್ಟೈವೆಸೆಂಟ್ ಅವರನ್ನು ಹೊರದಬ್ಬಬಯಸಿದ್ದ. ಮರುವರ್ಷ ಡಚ್ ಕಂಪೆನಿ ಅವರಿಗೆ ನೆಲೆಸಲು ಅನುಮತಿ ನೀಡಿತು, ಆದರೆ ಒಂದು ಷರತ್ತಿನೊಂದಿಗೆ: ಅವರಲ್ಲಿನ ಬಡವರು ಕಂಪೆನಿಗಾಗಲೀ ಊರಿಗಾಗಲೀ ಹೊರೆಯಾಗಬಾರದು, ಅವರ ಜನಾಂಗವೇ ಅವರನ್ನು ಸಲಹಬೇಕು. ಅವಮಾನದ ಷರತ್ತು ಅದು. ಆ ಸಮುದಾಯವು ಅದನ್ನೇ ತನ್ನ ಕರ್ತವ್ಯವನ್ನಾಗಿ ಮಾಡಿಕೊಂಡಿತು. 1874ರಲ್ಲಿ ನ್ಯೂಯಾರ್ಕಿನ ಹಲವು ಯಹೂದಿ ದಾನ ಸಂಘಗಳು ಒಂದುಗೂಡಿ 'ಯುನೈಟೆಡ್ ಹೀಬ್ರೂ ಚಾರಿಟೀಸ್' ಸ್ಥಾಪನೆಯಾಯಿತು. ಇಂದು 'ಜ್ಯೂಯಿಷ್ ಬೋರ್ಡ್' ಎಂಬ ಹೆಸರಿನಲ್ಲಿ ಆ ಮಹಾನಗರದ ಬಡವರಿಗೆ ಆಪ್ತಸಮಾಲೋಚನೆ ಮತ್ತು ಮನೋಚಿಕಿತ್ಸೆ ಒದಗಿಸುತ್ತಿರುವ ಸಂಸ್ಥೆಯ ಬೇರುಗಳಲ್ಲಿ ಇದೂ ಒಂದು.

1880ರ ದಶಕದ ಬಳಿಕ ರಶ್ಯಾ ಮತ್ತು ಪೂರ್ವ ಯುರೋಪಿನಿಂದ ಸುಮಾರು ಇಪ್ಪತ್ತು ಲಕ್ಷ ಯಹೂದಿಗಳು ಅಮೆರಿಕಾಕ್ಕೆ ವಲಸೆ ಬಂದರು. ಮ್ಯಾನ್‌ಹಟನ್‌ನ ಲೋವರ್ ಈಸ್ಟ್ ಸೈಡ್ ಎಂಬ ಇಕ್ಕಟ್ಟಾದ ಕೇರಿಗಳಲ್ಲಿ ಅವರು ತುಂಬಿಕೊಂಡರು. ಬಡತನವಿದ್ದಲ್ಲಿ ಇರುವ ಎಲ್ಲವೂ ಅಲ್ಲಿತ್ತು: ಕ್ಷಯ, ಕಳ್ಳತನ, ಜೂಜು, ಬೀದಿಪಾಲಾದ ಮಕ್ಕಳು. 1908ರಲ್ಲಿ ನಗರದ ಪೊಲೀಸ್ ಮುಖ್ಯಸ್ಥ ಥಿಯೋಡರ್ ಬಿಂಗ್‌ಹ್ಯಾಮ್ ಪ್ರತಿಷ್ಠಿತ ಪತ್ರಿಕೆಯೊಂದರಲ್ಲಿ ಲೇಖನ ಬರೆದು, ನಗರದ ಅಪರಾಧಿಗಳಲ್ಲಿ ಅರ್ಧದಷ್ಟು ಮಂದಿ ಯಹೂದಿಗಳೆಂದು ಘೋಷಿಸಿಬಿಟ್ಟ. ಯಹೂದಿಗಳು ಭುಗಿಲೆದ್ದರು. ಆತ ಕೆಲವೇ ವಾರಗಳಲ್ಲಿ ತನ್ನ ಮಾತನ್ನು ಹಿಂದೆಗೆದುಕೊಳ್ಳಬೇಕಾಯಿತು.

ಒಂದು ಇಡೀ ಸಮುದಾಯಕ್ಕೆ ಅಪರಾಧಿಯ ಹಣೆಪಟ್ಟಿ ಹಚ್ಚುವ ಈ ಕಲೆ ನಮಗೇನೂ ಅಪರಿಚಿತವಲ್ಲ. ಗಮನಿಸಬೇಕಾದದ್ದು ಅನಂತರ ನಡೆದದ್ದನ್ನು. ಪೊಲೀಸ್ ಮುಖ್ಯಸ್ಥನ ಬಾಯಿ ಮುಚ್ಚಿಸಿದ ಮೇಲೆ 'ಸದ್ಯ, ಮಾನ ಉಳಿಯಿತು' ಎಂದು ಅವರು ಮನೆಗೆ ಹೋಗಿ ಮಲಗಲಿಲ್ಲ. ಆತನ ಅಂಕಿ ಸುಳ್ಳು, ಆದರೆ ನಮ್ಮ ಕೇರಿಗಳಲ್ಲಿ ಅಪರಾಧವಿರುವುದು ಸುಳ್ಳೇ ಎಂದು ತಮ್ಮನ್ನೇ ಕೇಳಿಕೊಂಡರು. 'ಕೆಹಿಲ್ಲಾ' ಎಂಬ ಸಮುದಾಯ ಒಕ್ಕೂಟ ಕಟ್ಟಿದರು. 1912ರಲ್ಲಿ ತಮ್ಮದೇ ತನಿಖಾ ವಿಭಾಗವನ್ನು ರಚಿಸಿ, ಯಹೂದಿ ಗೂಂಡಾಗಳ ಮತ್ತು ಜೂಜುಕಟ್ಟೆಗಳ ಮಾಹಿತಿ ಕಲೆಹಾಕಿದರು.

ಇದಕ್ಕಿಂತಲೂ ಹೆಚ್ಚು ಎದೆಗಾರಿಕೆ ಬೇಕಾದ ಕೆಲಸ ನಡೆದದ್ದು ಗಂಡಂದಿರ ವಿಷಯದಲ್ಲಿ.

ಹೆಂಡತಿ ಮಕ್ಕಳನ್ನು ಬಿಟ್ಟು ಓಡಿಹೋಗುವ ಗಂಡಂದಿರು ಆ ಕೇರಿಗಳ ದೊಡ್ಡ ಪಿಡುಗಾಗಿದ್ದರು. ಕೆಲಸ ಹುಡುಕುವ ನೆಪದಲ್ಲಿ ಬೇರೆ ಊರಿಗೆ ಹೋದವನು ಹಿಂದಿರುಗುವುದಿಲ್ಲ. ಹೆಸರು ಬದಲಿಸಿ ಇನ್ನೊಂದು ಸಂಸಾರ ಹೂಡಿರುತ್ತಾನೆ. ಇತ್ತ ಬಾಡಿಗೆ ತೆರಲಾರದ ಹೆಂಡತಿ ಮಕ್ಕಳನ್ನು ಅನಾಥಾಲಯಕ್ಕೆ ಸೇರಿಸುತ್ತಾಳೆ. ಯಹೂದಿ ಧರ್ಮಶಾಸ್ತ್ರದಂತೆ ಗಂಡನು 'ಗೆಟ್' ಎಂಬ ವಿಚ್ಛೇದನ ಪತ್ರ ನೀಡದ ಹೊರತು ಆಕೆಗೆ ಮರುವಿವಾಹವಿಲ್ಲ. ಅಂತಹ ಹೆಣ್ಣನ್ನು ಅವರು 'ಅಗುನಾ', ಅಂದರೆ ಸಂಕೋಲೆಯಲ್ಲಿ ಸಿಲುಕಿದವಳು ಎನ್ನುತ್ತಾರೆ. (ನಾಪತ್ತೆಯಾದ ಗಂಡನ ಹೆಂಡತಿಯ ಗತಿಯೇನು ಎಂಬ ಪ್ರಶ್ನೆ ನಮ್ಮ ಫಿಕ್ಹ್ ವಿದ್ವಾಂಸರನ್ನೂ ಕಾಡಿತ್ತು. ನಾಲ್ಕು ವರ್ಷ ಗಂಡನ ಸುಳಿವಿಲ್ಲದಿದ್ದರೆ ವಿವಾಹ ರದ್ದತಿ ಕೋರುವ ಹಕ್ಕು ಭಾರತದ ಮುಸ್ಲಿಮ್ ಮಹಿಳೆಗೆ ಕಾನೂನಿನ ಮೂಲಕ ದೊರೆತದ್ದು 1939ರಲ್ಲಿ.)

ಆ ಸಮುದಾಯದ ದಾನ ಸಂಸ್ಥೆಗಳು ಏನು ಮಾಡಿದವು? ಹೆಂಡತಿಯರಿಗೆ ಪಡಿತರ ಹಂಚಿ, 'ಸಹಿಸಿಕೋ ತಾಯಿ' ಎಂದು ಕಳುಹಿಸಿ ಕೈತೊಳೆದುಕೊಳ್ಳಬಹುದಿತ್ತು. 1911ರಲ್ಲಿ ಅವು ಸೇರಿ 'ನ್ಯಾಷನಲ್ ಡೆಸರ್ಷನ್ ಬ್ಯೂರೋ' ಎಂಬ ಕಚೇರಿಯನ್ನು ತೆರೆದವು. ಓಡಿಹೋದ ಗಂಡಂದಿರನ್ನು ಅಮೆರಿಕಾದುದ್ದಕ್ಕೂ ಹುಡುಕುವುದೇ ಅದರ ಕೆಲಸ. ಯಿದ್ದಿಷ್ ಭಾಷೆಯ ಪ್ರಮುಖ ದಿನಪತ್ರಿಕೆ 'ಫಾರ್ವರ್ಡ್' ಅದಕ್ಕೆ ಕೈಜೋಡಿಸಿತು. 'ಕಣ್ಮರೆಯಾದ ಗಂಡಂದಿರ ಗ್ಯಾಲರಿ' ಎಂಬ ತಲೆಬರಹದಡಿ ಓಡಿಹೋದವರ ಭಾವಚಿತ್ರ, ಹೆಸರು, ಚಹರೆಗಳು ಪ್ರಕಟವಾಗತೊಡಗಿದವು. ನೆರೆಹೊರೆಯವನೋ ಕಾರ್ಖಾನೆಯ ಜೊತೆಗಾರನೋ ಗುರುತು ಹಿಡಿದು ಪತ್ರ ಬರೆಯುತ್ತಿದ್ದ. ಸಿಕ್ಕಿಬಿದ್ದವನನ್ನು ಮನೆಗೆ ಮರಳುವಂತೆಯೋ ಜೀವನಾಂಶ ಕೊಡುವಂತೆಯೋ ಮೊದಲು ಒಪ್ಪಿಸಲು ಯತ್ನಿಸುತ್ತಿದ್ದರು, ಒಪ್ಪದಿದ್ದರೆ ನ್ಯಾಯಾಲಯ. ಮಕ್ಕಳನ್ನು ತೊರೆದುಹೋಗುವುದನ್ನು ನ್ಯೂಯಾರ್ಕ್ ರಾಜ್ಯವು 1905ರಲ್ಲಿ ಘೋರ ಅಪರಾಧವೆಂದು ಪರಿಗಣಿಸುವಂತಾದದ್ದರ ಹಿಂದೆಯೂ ಈ ದಾನ ಸಂಸ್ಥೆಗಳ ಒತ್ತಡವಿತ್ತು.

ವೈರಿಯ ಕೈಗೆ ಬಡಿಗೆ ಕೊಟ್ಟಂತಾಗುವುದೆಂಬ ವಾದವನ್ನು ಈಗ ತೂಗಿ ನೋಡೋಣ. 1920ರಿಂದ ಮೋಟಾರು ದೊರೆ ಹೆನ್ರಿ ಫೋರ್ಡ್ ತನ್ನ ಪತ್ರಿಕೆಯಲ್ಲಿ ಯಹೂದಿಗಳ ವಿರುದ್ಧ ವಿಷ ಕಾರತೊಡಗಿದಾಗ ಅದರ ತಿರುಳು ಯಾವುದು? ಓಡಿಹೋದ ಗಂಡಂದಿರ ಕತೆಯಲ್ಲ. ಜಗತ್ತನ್ನೇ ವಶಪಡಿಸಿಕೊಳ್ಳುವ ಯಹೂದಿ ಸಂಚು ಎಂಬ ಕಟ್ಟುಕತೆ, ಅದಕ್ಕೆ ಆಧಾರ ಒಂದು ನಕಲಿ ದಸ್ತಾವೇಜು. ದ್ವೇಷ ಬಿತ್ತುವವನು ನಿಜಸಂಗತಿಗಾಗಿ ಕಾದು ಕೂರುವುದಿಲ್ಲ. ಹೀಗಿರುವಾಗ, ಮುಚ್ಚಿಟ್ಟಿದ್ದರೆ ಲಾಭವಾಗುತ್ತಿದ್ದುದು ಯಾರಿಗೆ? ಓಡಿಹೋದ ಗಂಡನಿಗೆ. ಅವನೊಬ್ಬನಿಗೆ ಮಾತ್ರ. 'ಸಮುದಾಯದ ಮಾನ' ಎಂಬ ದೊಡ್ಡ ಮಾತಿನ ಮರೆಯಲ್ಲಿ ನಿಂತು ತಪ್ಪಿಸಿಕೊಳ್ಳುವವನು ಯಾವಾಗಲೂ ತಪ್ಪಿತಸ್ಥನೇ ಹೊರತು ನೊಂದವಳಲ್ಲ.

1930ರ ದಶಕದ ಮಹಾ ಆರ್ಥಿಕ ಕುಸಿತದ ಬಳಿಕ, ವಿಶೇಷವಾಗಿ 1935ರ ಸಾಮಾಜಿಕ ಭದ್ರತಾ ಕಾಯ್ದೆ ಬಂದ ಮೇಲೆ, ಬಡವರಿಗೆ ನಗದು ನೆರವು ನೀಡುವ ಹೊಣೆಯನ್ನು ಸರಕಾರವು ಹೆಚ್ಚು ಹೆಚ್ಚಾಗಿ ವಹಿಸಿಕೊಂಡಿತು. ಅಕ್ಕಿ, ಇದ್ದಿಲು ಹಂಚುವ ಕೆಲಸ ಕಡಿಮೆಯಾದೊಡನೆ ಈ ಸಂಸ್ಥೆಗಳು ಬಾಗಿಲು ಮುಚ್ಚಲಿಲ್ಲ. ಹಣದಿಂದ ಮಾತ್ರ ನೀಗದ ಸಂಕಟಗಳತ್ತ ತಿರುಗಿದವು: ದಾಂಪತ್ಯ ಕಲಹ, ಹದಿಹರೆಯದವರ ಒದ್ದಾಟ, ಮಾನಸಿಕ ರೋಗ, ಒಂಟಿ ವೃದ್ಧಾಪ್ಯ. ಬೀದಿಪಾಲಾದ ಮಕ್ಕಳ ಸುಧಾರಣೆಗಾಗಿ ದುಡಿಯುತ್ತಿದ್ದ 'ಜ್ಯೂಯಿಷ್ ಬೋರ್ಡ್ ಆಫ್ ಗಾರ್ಡಿಯನ್ಸ್' ಮತ್ತು ಹಳೆಯ ಚಾರಿಟೀಸ್‌ನ ಉತ್ತರಾಧಿಕಾರಿಯಾದ 'ಜ್ಯೂಯಿಷ್ ಫ್ಯಾಮಿಲಿ ಸರ್ವಿಸ್' 1978ರಲ್ಲಿ ಒಂದಾದವು. ಇಂತಹ ಕುಟುಂಬ ಸೇವಾ ಸಂಸ್ಥೆಗಳು ಇಂದು ಅಮೆರಿಕಾದ ಹೆಚ್ಚಿನ ದೊಡ್ಡ ನಗರಗಳಲ್ಲಿವೆ. ಶಿಕಾಗೋದ ಸಂಸ್ಥೆಯ ಮೂಲ 1859ಕ್ಕೆ, ಲಾಸ್ ಏಂಜಲೀಸ್‌ನದು 1854ಕ್ಕೆ ಹೋಗುತ್ತದೆ.

ಇಲ್ಲಿ ಶುಲ್ಕದ ಪ್ರಶ್ನೆ ಏಳುತ್ತದೆ. ಅಮೆರಿಕಾದ ದೊಡ್ಡ ನಗರಗಳಲ್ಲಿ ಖಾಸಗಿ ಮನೋಚಿಕಿತ್ಸಕರು ಒಂದು ಭೇಟಿಗೆ ನೂರೈವತ್ತು, ಇನ್ನೂರು ಡಾಲರ್ ಕೇಳುವುದು ಸಾಮಾನ್ಯ. ಕೂಲಿಯವನು, ಟ್ಯಾಕ್ಸಿ ಚಾಲಕ ಅದನ್ನು ಹೇಗೆ ತೆತ್ತಾನು? ಯಹೂದಿ ಕುಟುಂಬ ಸಂಸ್ಥೆಗಳಲ್ಲಿ ಸಾಮಾನ್ಯವಾಗಿ ರೂಢಿಯಲ್ಲಿರುವುದು ವರಮಾನಕ್ಕೆ ತಕ್ಕ ಶುಲ್ಕ. ಮನೆಯ ಆದಾಯವೆಷ್ಟು, ಉಣ್ಣುವ ಬಾಯಿಗಳೆಷ್ಟು ಎಂದು ವಿಚಾರಿಸಿ ಶುಲ್ಕ ಗೊತ್ತುಪಡಿಸುತ್ತಾರೆ. ಉಳ್ಳವನು ಪೂರ್ತಿ ಕೊಡುತ್ತಾನೆ, ಬಡವನು ಕೆಲವೇ ಡಾಲರ್ ಕೊಡುತ್ತಾನೆ. ಕೊರತೆ ಬೀಳುವ ಮೊತ್ತವನ್ನು ವಿಮೆ, ಬಡವರಿಗಾಗಿ ಸರಕಾರ 1965ರಲ್ಲಿ ತಂದ ಮೆಡಿಕೈಡ್ ಯೋಜನೆ ಮತ್ತು ಸಮುದಾಯದ ದೇಣಿಗೆ ತುಂಬುತ್ತವೆ. ದೇಣಿಗೆ ಎತ್ತಲು ಪ್ರತಿ ಸಂಸ್ಥೆಯೂ ಪ್ರತ್ಯೇಕವಾಗಿ ರಶೀದಿ ಪುಸ್ತಕ ಹಿಡಿದು ಬೀದಿ ಸುತ್ತಬೇಕಾಗಿಲ್ಲ. ನ್ಯೂಯಾರ್ಕಿನಲ್ಲಿ 1917ರಿಂದಲೇ ಅದಕ್ಕೊಂದು ಫೆಡರೇಶನ್ ಇದೆ.

ಪುಣ್ಯದ ಕೆಲಸಕ್ಕೆ ಶುಲ್ಕವೇಕೆ ಎಂದು ನಮ್ಮಲ್ಲಿ ಕೇಳುವವರಿದ್ದಾರೆ. ಸಂಪೂರ್ಣ ಉಚಿತವೆಂದು ಫಲಕ ಹಾಕಿದ ಬಾಗಿಲನ್ನು ಸ್ವಾಭಿಮಾನಿಯಾದ ಮಧ್ಯಮ ವರ್ಗದ ಕುಟುಂಬವು ತಟ್ಟಲು ಹಿಂಜರಿಯುತ್ತದೆ, ಅಲ್ಲಿಗೆ ಹೋದರೆ ಝಕಾತ್ ತಿನ್ನುವವರೆಂಬ ಹೆಸರು ಬರುತ್ತದೆ. ಐದು ಡಾಲರ್ ಕೊಟ್ಟು ಕುರ್ಚಿಯಲ್ಲಿ ಕುಳಿತ ಹೆಣ್ಣುಮಗಳು ಯಾರ ಋಣದಲ್ಲೂ ಇರುವುದಿಲ್ಲ. ಪ್ರಶ್ನೆ ಕೇಳುವ, ದೂರುವ ಹಕ್ಕೂ ಆಕೆಗೆ ಬರುತ್ತದೆ. ಇನ್ನು, 1892ರಲ್ಲಿ ಕೇವಲ 95 ಡಾಲರ್ ಬಂಡವಾಳದಿಂದ ಅದೇ ನ್ಯೂಯಾರ್ಕಿನಲ್ಲಿ ಆರಂಭವಾದ ಹೀಬ್ರೂ ಫ್ರೀ ಲೋನ್ ಸೊಸೈಟಿಯು ಇಂದಿಗೂ ಬಡ್ಡಿಯಿಲ್ಲದ ಸಾಲ ನೀಡುತ್ತಿದೆ, ಅದೂ ಧರ್ಮ ನೋಡದೆ. ಬಡ್ಡಿಯ ವಿರುದ್ಧ ಭಾಷಣ ಮಾಡುವುದರಲ್ಲಿ ನಾವು ಅವರಿಗಿಂತ ಮುಂದಿದ್ದೇವೆ ಎಂಬುದನ್ನಂತೂ ಒಪ್ಪಲೇಬೇಕು.

ಈ ಸಂಸ್ಥೆಗಳ ಬಾಗಿಲು ಯಹೂದಿಗಳಿಗೆ ಮಾತ್ರ ತೆರೆದಿಲ್ಲ. ವಲಸಿಗರ ನೆರವಿಗಾಗಿ ಹುಟ್ಟಿದ 'ಹಯಾಸ್' ಎಂಬ ಯಹೂದಿ ಸಂಸ್ಥೆಯು ಸಿರಿಯಾ, ಸೊಮಾಲಿಯಾ, ಅಫ್ಘಾನಿಸ್ತಾನಗಳ ನಿರಾಶ್ರಿತರಿಗೂ ನೆಲೆ ಕಲ್ಪಿಸಿದೆ. 2021ರಲ್ಲಿ ಕಾಬೂಲ್ ಬಿಟ್ಟು ಬಂದ ಅನೇಕ ಮುಸ್ಲಿಮ್ ಕುಟುಂಬಗಳಿಗೆ ಮನೆ, ಮಕ್ಕಳಿಗೆ ಶಾಲೆ ಹುಡುಕಿಕೊಟ್ಟವರಲ್ಲಿ ಹಲವು ನಗರಗಳ ಯಹೂದಿ ಕುಟುಂಬ ಸೇವಾ ಸಂಸ್ಥೆಗಳಿದ್ದವು. ಇದಕ್ಕೆ ಅವರು ತೆತ್ತ ಬೆಲೆಯೂ ಇದೆ. 2018ರ ಅಕ್ಟೋಬರ್ 27ರಂದು ಪಿಟ್ಸ್‌ಬರ್ಗ್‌ನ ಸಿನಗಾಗ್‌ಗೆ ನುಗ್ಗಿ ಹನ್ನೊಂದು ಮಂದಿಯನ್ನು ಕೊಂದ ಜನಾಂಗದ್ವೇಷಿಯು ಕೃತ್ಯಕ್ಕೆ ಮೊದಲು ಬರೆದುಕೊಂಡದ್ದು ಹಯಾಸ್ ವಿರುದ್ಧವೇ; ಹೊರಗಿನವರನ್ನು ಕರೆತರುತ್ತಿದ್ದಾರೆಂಬುದೇ ಅವನ ಆರೋಪ. ಆಗ ಅಮೆರಿಕಾದ ಮುಸ್ಲಿಮರು ಸಂತ್ರಸ್ತ ಕುಟುಂಬಗಳಿಗಾಗಿ 2 ಲಕ್ಷ ಡಾಲರ್‌ಗಿಂತಲೂ ಹೆಚ್ಚು ಹಣ ಸಂಗ್ರಹಿಸಿದರು. 2025ರ ಜನವರಿಯಲ್ಲಿ ಅಧ್ಯಕ್ಷ ಟ್ರಂಪ್ ನಿರಾಶ್ರಿತರ ಪ್ರವೇಶವನ್ನು ತಡೆಹಿಡಿದಾಗ ನ್ಯಾಯಾಲಯದ ಮೆಟ್ಟಿಲೇರಿದವರಲ್ಲಿ ಎರಡು ಕ್ರೈಸ್ತ ಸಂಸ್ಥೆಗಳೊಂದಿಗೆ ಹಯಾಸ್ ಕೂಡಾ ಇತ್ತು.

ಅಲ್ಲಿ ಎಲ್ಲವೂ ಚಿನ್ನವೆಂದು ಭಾವಿಸಬೇಕಾಗಿಲ್ಲ. ಆರಂಭದ ದಿನಗಳಲ್ಲಿ ಮೊದಲೇ ಬಂದು ಸಿರಿವಂತರಾಗಿದ್ದ ಜರ್ಮನ್ ಮೂಲದ ಯಹೂದಿಗಳು ರಶ್ಯಾದಿಂದ ಬಂದ ಬಡವರನ್ನು ಕೀಳಾಗಿ ಕಾಣುತ್ತಿದ್ದರು. ಮನೆಗೆ ಬಂದು ಪಾತ್ರೆ ಪಗಡಿ ಇಣುಕಿ ನೋಡಿ 'ಅರ್ಹತೆ' ಅಳೆಯುವ ತನಿಖೆದಾರರನ್ನು ಬಡವರು ದ್ವೇಷಿಸುತ್ತಿದ್ದರು. ಬೇಸತ್ತು ತಮ್ಮ ತಮ್ಮ ಊರಿನವರ ಸಂಘಗಳನ್ನೇ ಅವರು ಕಟ್ಟಿಕೊಂಡರು. ಇತ್ತೀಚಿನ ಉದಾಹರಣೆ ಇನ್ನೂ ಕಹಿಯಾದದ್ದು. 1934ರಲ್ಲಿ ಸ್ಥಾಪನೆಯಾಗಿ ನ್ಯೂಯಾರ್ಕಿನ ಅತಿ ದೊಡ್ಡ ಸೇವಾ ಸಂಸ್ಥೆಗಳಲ್ಲೊಂದಾಗಿ ಬೆಳೆದಿದ್ದ 'ಫೆಗ್ಸ್' ಒಂದೇ ವರ್ಷದಲ್ಲಿ 1 ಕೋಟಿ 94 ಲಕ್ಷ ಡಾಲರ್ ನಷ್ಟ ತೋರಿಸಿ 2015ರಲ್ಲಿ ದಿವಾಳಿಯಾಯಿತು. ಲೆಕ್ಕ ನೋಡಬೇಕಾದವರು ಕಣ್ಣು ಮುಚ್ಚಿ ಕುಳಿತಿದ್ದರೆಂಬ ಆಕ್ರೋಶವೆದ್ದಿತು. ಅದನ್ನು ಮುಚ್ಚಿಡಲಿಲ್ಲ, ಯಹೂದಿ ಪತ್ರಿಕೆಗಳೇ ಅದನ್ನು ಜಾಲಾಡಿದವು. ಅದರ ಹಲವು ಮನೋಚಿಕಿತ್ಸಾ ಕೇಂದ್ರಗಳನ್ನು ಜ್ಯೂಯಿಷ್ ಬೋರ್ಡ್ ವಹಿಸಿಕೊಂಡಿತು. ಸರಕಾರದ ಹಣವನ್ನು ನೆಚ್ಚಿಕೊಂಡದ್ದರ ಅಪಾಯವೂ ಈಗ ಎದುರಾಗಿದೆ. 2025ರ ಜುಲೈಯಲ್ಲಿ ಸಹಿಯಾದ ಕಾನೂನು ಮೆಡಿಕೈಡ್‌ಗೆ ಕತ್ತರಿ ಹಾಕಿದೆ. ಬಡ ರೋಗಿಯ ಶುಲ್ಕದ ಕೊರತೆಯನ್ನು ಇನ್ನು ದೇಣಿಗೆಯೇ ಹೆಚ್ಚಾಗಿ ತುಂಬಬೇಕಾದೀತು.

ಇದು ಪಾಶ್ಚಾತ್ಯರ ಚಟ, ಈಮಾನ್ ಗಟ್ಟಿಯಿದ್ದವರಿಗೆ ಮನೋರೋಗ ಬರುವುದಿಲ್ಲ ಎನ್ನುವವರು ಕೊನೆಗೆ ಉಳಿಯುತ್ತಾರೆ. ಈಮಾನ್ ಇದ್ದವರಿಗೆ ಸಕ್ಕರೆ ಕಾಯಿಲೆ ಬರುತ್ತದೆಯೇ ಎಂದು ಅವರನ್ನೇ ಕೇಳಬೇಕು. ಒಂಭತ್ತನೆಯ ಶತಮಾನದಲ್ಲಿ ಅಬೂ ಝೈದ್ ಅಲ್ ಬಲ್ಖಿ ದೇಹ ಮತ್ತು ಮನಸ್ಸು ಎರಡರ ಆರೋಗ್ಯದ ಬಗ್ಗೆಯೂ ಗ್ರಂಥ ರಚಿಸುವ ಹಾದಿ ಹಿಡಿದಾಗ ಪಾಶ್ಚಾತ್ಯರು ಎಲ್ಲಿದ್ದರು? ಅಮೆರಿಕಾದ ಮುಸ್ಲಿಮರು ಈ ಮಾತನ್ನು ಬದಿಗಿಟ್ಟಿದ್ದಾರೆ. 2010ರಲ್ಲಿ ಶಿಕಾಗೋದಲ್ಲಿ ಝಕಾತ್ ಫೌಂಡೇಶನ್‌ನ ಆಶ್ರಯದಲ್ಲಿ 'ಖಲೀಲ್ ಸೆಂಟರ್' ಆರಂಭವಾಯಿತು. ಧರ್ಮವನ್ನೂ ಮನಃಶಾಸ್ತ್ರವನ್ನೂ ಬಲ್ಲ ತಜ್ಞರು ಅಲ್ಲಿ ಆಪ್ತಸಮಾಲೋಚನೆ ನಡೆಸುತ್ತಾರೆ. ಝಕಾತಿನ ಹಣ ಇದಕ್ಕೆ ಸಲ್ಲುವುದೇ ಎಂಬ ಚರ್ಚೆ ನಡೆಯಬೇಕಾದದ್ದೇ, ಅದು ವಿದ್ವಾಂಸರ ಕೆಲಸ. ಆದರೆ ಗಂಡನು ಬಿಟ್ಟುಹೋದ, ಕೈಯಲ್ಲಿ ಕಾಸಿಲ್ಲದ, ರಾತ್ರಿ ನಿದ್ದೆ ಬಾರದ ಮಹಿಳೆಯು 'ಫಕೀರ್' ಎಂಬ ವರ್ಗಕ್ಕೆ ಸೇರುವುದಿಲ್ಲವೆಂದು ವಾದಿಸುವವರು, ಆಕೆಯ ಚಿಕಿತ್ಸೆಯ ಶುಲ್ಕವನ್ನು ಬೇರಾವ ನಿಧಿಯಿಂದ ಭರಿಸುತ್ತಾರೆಂಬುದನ್ನೂ ಅದೇ ಸಭೆಯಲ್ಲಿ ಹೇಳಿ ಏಳಲಿ.