ಬೀಗ ನನ್ನದು, ಬೀಗದಕೈ ಯಾರದು?

“ಅದರಲ್ಲಿ ಅಂಥಾದ್ದೇನಿದೆ ಮೇಡಂ? ಎಲ್ಲಾ ಅಳಿಸಿ ಫಾರ್ಮ್ಯಾಟ್ ಮಾಡಿಬಿಡೋಣ” ಎಂದ ರಿಪೇರಿ ಹುಡುಗ. “ಇನ್ನೇನಿರುತ್ತೆ, ಅವಳ ಉಪ್ಪಿನಕಾಯಿ ಪುರಾಣ” ಎಂದು ನಕ್ಕರು ನಮ್ಮ ಯಜಮಾನರು. ಇಬ್ಬರಿಗೂ ಕಾಫಿ ತಂದುಕೊಟ್ಟವಳು ನಾನೇ. ನನ್ನ ಕೈ ನಡುಗುತ್ತಿದ್ದುದು ಇಬ್ಬರಿಗೂ ಕಾಣಲಿಲ್ಲ.

ಅದರಲ್ಲಿದ್ದದ್ದು ನನ್ನ ಅಮ್ಮ ಹಾಡುತ್ತಿದ್ದ ಸೋಬಾನೆ ಮತ್ತು ಬೀಸುವ ಪದಗಳು. ಓದುಬರಹ ತಿಳಿಯದ ಅಮ್ಮ ಬಾಯಲ್ಲಿ ಹೇಳಿದ್ದನ್ನು ಏಳು ಬೇಸಿಗೆ ರಜೆಗಳಲ್ಲಿ ಪಕ್ಕದಲ್ಲಿ ಕೂತು ‘ನುಡಿ’ಯಲ್ಲಿ ಟೈಪು ಮಾಡಿಕೊಂಡಿದ್ದೆ. ಅಮ್ಮ ಈಗಿಲ್ಲ. ಇನ್ನೊಮ್ಮೆ ಕೇಳಿ ಬರೆದುಕೊಳ್ಳುವಂತಿಲ್ಲ.

ಕಂಪ್ಯೂಟರು ಕೈಕೊಟ್ಟಾಗ ಆ ಹುಡುಗ ವಿಂಡೋಸ್ ಹೊಸದಾಗಿ ಹಾಕಿಕೊಟ್ಟಿದ್ದ. ಹಳೆಯದೆಲ್ಲ ‘ವಿಂಡೋಸ್ ಡಾಟ್ ಓಲ್ಡ್’ ಎಂಬ ಮೂಲೆ ಸೇರಿತ್ತು. ನನ್ನ ಫೋಲ್ಡರು ಕಣ್ಣಿಗೇನೋ ಕಾಣುತ್ತದೆ, ತೆರೆಯಹೋದರೆ ‘ನಿಮಗೆ ಅನುಮತಿ ಇಲ್ಲ’ ಎನ್ನುತ್ತದೆ! ಯಂತ್ರ ನಮ್ಮನ್ನು ಹೆಸರಿನಿಂದ ಗುರುತಿಸುವುದಿಲ್ಲವಂತೆ. ಪ್ರತಿ ಖಾತೆಗೂ ಒಳಗೊಳಗೇ ಒಂದು ಸಂಖ್ಯೆ ಕೊಟ್ಟಿರುತ್ತದೆ. ಹೊಸ ಖಾತೆಗೆ ಅದೇ ಹೆಸರಿಟ್ಟರೂ ಸಂಖ್ಯೆ ಬೇರೆ. ಮದುವೆಯಾಗಿ ಹೋದ ಮಗಳು ತವರಿನಲ್ಲೇ ನೆಂಟಳಾಗುವ ಹಾಗೆ, ನನ್ನ ಬರಹಕ್ಕೆ ನಾನೇ ಪರಕೀಯಳು! ಸಾಲದ್ದಕ್ಕೆ ಆ ಮೂಲೆಯನ್ನು ಸಾಮಾನ್ಯವಾಗಿ ಹತ್ತು ದಿನ ಕಳೆದ ಮೇಲೆ ಯಂತ್ರವೇ ಗುಡಿಸಿಹಾಕುತ್ತದೆ. ಆರು ದಿನ ಆಗಲೇ ಕಳೆದಿತ್ತು.

ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಪಾಲಿಟೆಕ್ನಿಕ್ಕಿನಲ್ಲಿ ಓದುತ್ತಿದ್ದಾಳೆ. ಸಂಜೆ ಬಂದವಳು ನನ್ನನ್ನೇ ಕುರ್ಚಿಯಲ್ಲಿ ಕೂರಿಸಿದಳು. “ನೀವೇ ಮಾಡಿ ಮಿಸ್, ನಾನು ಹೇಳ್ತೀನಿ.” ಫೋಲ್ಡರಿನ ಮೇಲೆ ಬಲಗುಂಡಿ ಒತ್ತಿ ಪ್ರಾಪರ್ಟೀಸ್, ಸೆಕ್ಯೂರಿಟಿ, ಅಡ್ವಾನ್ಸ್‌ಡ್; ಅಲ್ಲಿ ‘ಓನರ್’ ಎಂಬ ಸಾಲಿನಲ್ಲಿ ಹಳೆಯ ಸಂಖ್ಯೆ ತೆಗೆದು ನನ್ನ ಹೆಸರು. ಒಳಗಿನ ಫೋಲ್ಡರುಗಳಿಗೂ ಅದೇ ಅನ್ವಯವಾಗಲೆಂದು ಒಂದು ಗುರುತು. ಐದು ನಿಮಿಷ! ಕಡತ ತೆರೆದರೆ ಅಕ್ಷರಗಳೆಲ್ಲ ಕಲಸುಮೇಲೋಗರ. ನುಡಿ ತಂತ್ರಾಂಶವನ್ನು ಮತ್ತೆ ಹಾಕಿದ್ದೇ ತಡ, ಅಮ್ಮನ ಪದಗಳು ಒಂದೊಂದಾಗಿ ಎದ್ದು ಬಂದವು. ಕಣ್ಣೊರೆಸಿಕೊಳ್ಳುವ ಮೊದಲೇ ಎಲ್ಲವನ್ನೂ ಪೆನ್‌ಡ್ರೈವಿಗೆ ನಕಲು ಮಾಡಿಸಿದಳು ಹುಡುಗಿ.

ಮರುದಿನ ರಿಪೇರಿ ಹುಡುಗನನ್ನು ಕೇಳಿದೆ. “ಗೊತ್ತಿತ್ತು ಮೇಡಂ. ಮುಖ್ಯವಾದದ್ದೇನೂ ಇರಲ್ಲ ಅಂದ್ಕೊಂಡೆ” ಎಂದ.

ನನ್ನ ಸಿಟ್ಟು ಯಂತ್ರದ ಮೇಲಲ್ಲ, ಈ ‘ಅಂದ್ಕೊಂಡೆ’ಯ ಮೇಲೆ. ಅಲ್ಲಿ ಯಜಮಾನರ ತೆರಿಗೆಯ ಲೆಕ್ಕವಿದ್ದಿದ್ದರೆ ಹೀಗೆ ಅಂದುಕೊಳ್ಳುತ್ತಿದ್ದನೇ? ಹೆಂಗಸು ಬರೆದದ್ದು, ಕೂಡಿಟ್ಟದ್ದು ಅಂದರೆ ಕೇಳದೆಯೇ ಕಸವೇ? ಸಿಟ್ಟು ನನ್ನ ಮೇಲೂ ಇದೆ. ಮೂವತ್ತು ವರ್ಷ ಮಕ್ಕಳಿಗೆ ‘ತಿಳಿಯದಿದ್ದರೆ ಕೇಳಿ’ ಎಂದು ಪಾಠ ಹೇಳಿದವಳು, ಮನೆಯಲ್ಲಿ ಮಾತ್ರ ‘ನಮಗೇನು ತಿಳಿಯುತ್ತೆ’ ಎಂದು ಸುಮ್ಮನಿದ್ದೆನಲ್ಲ!

ನಾನು ಅದೃಷ್ಟವಂತೆ. ನನ್ನ ಸಹೋದ್ಯೋಗಿಯೊಬ್ಬರ ಹೊಸ ಲ್ಯಾಪ್‌ಟಾಪು ರಿಪೇರಿಯ ನಂತರ 48 ಅಂಕಿಗಳ ಕೀ ಕೇಳಿತು. ಇತ್ತೀಚಿನ ಹಲವು ಯಂತ್ರಗಳು ಡಿಸ್ಕನ್ನು ತಾವಾಗಿಯೇ ಬೀಗ ಹಾಕಿಕೊಂಡು, ಕೀಯನ್ನು ಮೈಕ್ರೋಸಾಫ್ಟ್ ಖಾತೆಯಲ್ಲಿ ಇಟ್ಟಿರುತ್ತವೆ. ಖಾತೆ ತೆರೆದಿದ್ದವನು ಅಂಗಡಿಯವನು, ಯಾವ ಇ-ಮೇಲಿನಲ್ಲೋ ಅವನಿಗೇ ನೆನಪಿಲ್ಲ. ಅಂಥಲ್ಲಿ ಓನರ್ ಹೆಸರು ಬದಲಿಸಿ ಪ್ರಯೋಜನವಿಲ್ಲ. ಮಗಳ ಬಾಲ್ಯದ ಚಿತ್ರಗಳೆಲ್ಲ ಹೋದವು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿ ಏನು ಫಲ?

ನಮ್ಮ ಅಜ್ಜಿಯರು ಮಲಗುವಾಗಲೂ ಬೀಗದಕೈ ಗೊಂಚಲನ್ನು ಸೊಂಟದಿಂದ ತೆಗೆಯುತ್ತಿರಲಿಲ್ಲ. ಓದಿದ ನಾವು ಅದನ್ನು ಮಗನಿಗೋ ಅಂಗಡಿ ಹುಡುಗನಿಗೋ ಕೊಟ್ಟು ನಿಶ್ಚಿಂತೆಯಾಗಿದ್ದೇವೆ. ಖಾತೆ ನಿಮ್ಮ ಹೆಸರಿನಲ್ಲಿ, ನಿಮ್ಮ ಫೋನ್ ನಂಬರಿನಲ್ಲಿ ಇರಲಿ. ಆ 48 ಅಂಕಿಗಳನ್ನು ಕಾಗದದಲ್ಲಿ ಬರೆದು ಒಡವೆಯ ಜೊತೆ ಬೀರುವಿನಲ್ಲಿಡಿ. ರಿಪೇರಿಗೆ ಕೊಡುವ ಮುಂಚೆ ನಕಲು ತೆಗೆದಿಡಿ. ‘ಅದರಲ್ಲಿ ಅಂಥಾದ್ದೇನಿದೆ?’ ಎಂದು ಯಾರಾದರೂ ಕೇಳಿದರೆ ಪಟ್ಟಿ ಒಪ್ಪಿಸುವ ಅಗತ್ಯವಿಲ್ಲ. ‘ನನ್ನದಿದೆ’ ಎನ್ನಿ, ಸಾಕು.