ಗಡ್ಡೆಯ ಸುತ್ತಲಿನದನ್ನೂ ದಾಖಲಿಸಿ

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಮಹಾನಿರ್ದೇಶಕರಿಗೆ,

ಮಾನ್ಯರೇ,

ದೊಡ್ಡಕರುಳಿನ ಕ್ಯಾನ್ಸರ್ ಶಸ್ತ್ರಚಿಕಿತ್ಸೆಯ ನಂತರದ ಪೆಥಾಲಜಿ ವರದಿಯಲ್ಲಿ ಗಡ್ಡೆಯೊಳಗಿನ ಸಂಯೋಜಕ ಅಂಗಾಂಶದ ಪ್ರಮಾಣವನ್ನೂ ನಮೂದಿಸುವುದು ದೇಶದಾದ್ಯಂತ ವಾಡಿಕೆಯಾಗಬೇಕೆಂದು ಕೋರುತ್ತೇನೆ. ಈ ಅಂಗಾಂಶದ ಫೈಬ್ರೊಬ್ಲಾಸ್ಟ್ ಜೀವಕೋಶಗಳನ್ನು ಬರೀ ಆಧಾರವೆಂದು ಬಹುಕಾಲ ಎಣಿಸಲಾಗಿತ್ತು. ಆದರೆ ಆರೋಗ್ಯವಂತ ಕರುಳಿನಲ್ಲಿ ಒಳಪದರದ ಕಾಂಡಕೋಶಗಳಿಗೆ ಬೆಳೆಯುವ ಸಂಕೇತ ಕೊಡುವ ಕೋಶಗಳಲ್ಲಿ ಇವೂ ಸೇರಿವೆ. ಅಲ್ಸರೇಟಿವ್ ಕೊಲೈಟಿಸ್ ಎಂಬ ದೊಡ್ಡಕರುಳಿನ ಉರಿಯೂತದ ಕಾಯಿಲೆಯಲ್ಲಿ ಹೀಗೆ ಪೋಷಿಸುವ ಕೋಶಗಳು ಕುಗ್ಗಿ, ಉರಿಯೂತ ಹೆಚ್ಚಿಸುವಂಥವು ಹಿಗ್ಗುತ್ತವೆಂದು 2018ರಲ್ಲಿ ಆಕ್ಸ್‌ಫರ್ಡ್ ಸಂಶೋಧಕರು ತೋರಿಸಿದರು. ಕ್ಯಾನ್ಸರಿನಲ್ಲೂ ಇವುಗಳ ಕೈವಾಡ ಸಣ್ಣದಲ್ಲ. ರೋಗ ಮರುಕಳಿಸುವ ಅಪಾಯವನ್ನು ಸೂಚಿಸುವ ವಂಶವಾಹಿಗಳು ಹೆಚ್ಚಾಗಿ ಕ್ರಿಯಾಶೀಲವಾಗಿರುವುದು ಕ್ಯಾನ್ಸರ್ ಕೋಶಗಳಲ್ಲಲ್ಲ, ಅವುಗಳ ಸುತ್ತಲಿನ ಈ ಅಂಗಾಂಶದಲ್ಲಿ ಎಂದು 2015ರಲ್ಲಿ ಇಟಲಿ ಮತ್ತು ಸ್ಪೇನ್‌ನ ಎರಡು ತಂಡಗಳು ಬೇರೆ ಬೇರೆಯಾಗಿ ಕಂಡುಕೊಂಡವು.

ಪುರಾವೆಗಳು ಒಂದಕ್ಕೊಂದು ಹೊಂದುವುದಿಲ್ಲ ಎಂಬ ಆಕ್ಷೇಪ ನ್ಯಾಯವಾದದ್ದೇ. ಇಲಿಗಳ ಸಂಯೋಜಕ ಕೋಶಗಳಿಂದ ಐಕೆಕೆ-ಬೀಟಾ ಎಂಬ ಒಂದೇ ಪ್ರೋಟೀನನ್ನು ತೆಗೆದ ಎರಡು ತಂಡಗಳ ಫಲಿತಾಂಶ 2015ರಲ್ಲೇ ಪ್ರಕಟವಾಯಿತು: ಗ್ರೀಸ್‌ನ ತಂಡದ ಪ್ರಯೋಗದಲ್ಲಿ ಕರುಳಿನ ಗಡ್ಡೆಗಳು ತಗ್ಗಿದವು, ಜರ್ಮನಿಯ ತಂಡದ್ದರಲ್ಲಿ ಹೆಚ್ಚಿದವು. ಇಲಿಗಳ ಮೇದೋಜೀರಕ ಗ್ರಂಥಿಯ ಕ್ಯಾನ್ಸರಿನಲ್ಲಿ ಇಂಥ ಕೋಶಗಳನ್ನು ನಿರ್ಮೂಲ ಮಾಡಿದಾಗ ರೋಗ ಇನ್ನಷ್ಟು ಉಗ್ರವಾಯಿತು. ಹಾಗಾಗಿ ಇವನ್ನು ನಾಶಮಾಡುವ ಔಷಧಿ ತನ್ನಿ ಎಂದು ನಾನು ಕೇಳುತ್ತಿಲ್ಲ. ಕೆಲವು ಫೈಬ್ರೊಬ್ಲಾಸ್ಟ್‌ಗಳು ಗಡ್ಡೆಯನ್ನು ಪೋಷಿಸುತ್ತವೆ, ಕೆಲವು ತಡೆಯುತ್ತವೆ. ಯಾವ ರೋಗಿಯಲ್ಲಿ ಯಾವುದು ಮೇಲುಗೈ ಎಂದು ಮುಂದೆ ತಿಳಿಯಬೇಕಾದರೆ ಮೊದಲು ಅಳತೆಯ ದಾಖಲೆ ಬೇಕು.

ಕೆಲಸದ ಹೊರೆಯಲ್ಲಿರುವ ಆಸ್ಪತ್ರೆಗಳಿಗೆ ಇದೊಂದು ದುಬಾರಿ ಸೇರ್ಪಡೆ ಎನ್ನುವ ಮಾತಿಗೆ ಉತ್ತರ ಸುಲಭ. ನೆದರ್ಲೆಂಡ್ಸ್‌ನ ಲೈಡನ್‌ನಲ್ಲಿ 2007ರಲ್ಲಿ ರೂಪಿಸಿದ ವಿಧಾನಕ್ಕೆ ಹೊಸ ಯಂತ್ರ ಬೇಡ. ಈಗಾಗಲೇ ಬಣ್ಣ ಹಾಕಿದ ಅದೇ ಸ್ಲೈಡನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಸಂಯೋಜಕ ಅಂಗಾಂಶ ಶೇಕಡಾ 50 ಮೀರಿದೆಯೇ ಎಂದು ಅಂದಾಜಿಸಿದರಾಯಿತು. ಮೀರಿದವರಲ್ಲಿ ಬದುಕುಳಿಯುವ ಅವಕಾಶ ಕಡಿಮೆ ಎಂಬುದು ಆಮೇಲಿನ ಹಲವು ಅಧ್ಯಯನಗಳಲ್ಲೂ ಕಂಡಿದೆ. ಎರಡನೇ ಹಂತದ ಕ್ಯಾನ್ಸರಿನಲ್ಲಿ ಯಾರನ್ನು ಹೆಚ್ಚು ನಿಗಾದಲ್ಲಿ ಇಡಬೇಕೆಂದು ತೂಗಿ ನೋಡುವ ವೈದ್ಯರಿಗೆ ಇದು ಬೆಲೆಯುಳ್ಳ ಸುಳಿವು.

ನಿಮ್ಮ ಮಂಡಳಿಯ ರಾಷ್ಟ್ರೀಯ ಕ್ಯಾನ್ಸರ್ ನೋಂದಣಿ ಕಾರ್ಯಕ್ರಮ 1982ರಿಂದ ಮಾಹಿತಿ ಕಲೆಹಾಕುತ್ತಿದೆ. ಅದರ ಕೇಂದ್ರ ಬೆಂಗಳೂರಿನಲ್ಲೇ ಇದೆ. ಕೆಲವು ಆಸ್ಪತ್ರೆಗಳಲ್ಲಿ ಈ ಒಂದು ಅಂಕಣವನ್ನು ಪ್ರಾಯೋಗಿಕವಾಗಿ ಸೇರಿಸಿ, ಇಬ್ಬರು ಪೆಥಾಲಜಿಸ್ಟರ ಅಂದಾಜು ತಾಳೆಯಾಗುತ್ತದೆಯೇ ಎಂದು ಪರೀಕ್ಷಿಸಿ. ತಾಳೆಯಾದರೆ ಎಲ್ಲೆಡೆ ಜಾರಿಗೆ ತನ್ನಿ.

ಗೌರವಪೂರ್ವಕವಾಗಿ,
ಒಬ್ಬ ವಿಜ್ಞಾನ ಲೇಖಕ