ಮುಚ್ಚಿದ ಸಭೆಯ ಲೆಕ್ಕ

ಕೊಡಗಿನವರು ಪ್ರತ್ಯೇಕತೆಯ ಮಾತೆತ್ತಿದ್ದಾರೆಂದು ಪತ್ರಿಕೆಯಲ್ಲಿ ಬಂದರೆ ಸಾಕು, ನಮ್ಮ ವಿಜಯನಗರದಲ್ಲಿ ಒಂದೇ ಪ್ರಶ್ನೆ: "ಇವರಿಗೇನು ಕಡಿಮೆಯಾಗಿದೆಯಂತೆ?" ಹೀಗೆ ಕೇಳುವವರು ಕುಡಿಯುವುದು ಮಾತ್ರ ತಲಕಾವೇರಿಯಲ್ಲಿ ಹುಟ್ಟಿದ ನದಿಯ ನೀರು. 1974ರಿಂದ ಬೆಂಗಳೂರಿಗೆ ಆ ನೀರು ಬರುತ್ತಿದೆ. ನೀರು ಕುಡಿದ ಋಣಕ್ಕಾದರೂ ಅವರ ವಾದವನ್ನು ಪೂರ್ತಿ ಕೇಳಬೇಡವೇ?

ಮೊದಲನೆಯದು ಅರಸರ ವಾದ. ಹಾಲೇರಿ ವಂಶ ಇನ್ನೂರು ವರ್ಷಕ್ಕೂ ಮೀರಿ ಕೊಡಗನ್ನಾಳಿತು, ಆದ್ದರಿಂದ ಕೊಡಗು ಬೇರೆ ಎನ್ನುತ್ತಾರೆ. ಇದು ನನಗೆ ಒಪ್ಪಿಗೆಯಿಲ್ಲ. ಆ ಅರಸರು ಲಿಂಗಾಯತರು. ತಮ್ಮ ಚರಿತ್ರೆ 'ರಾಜೇಂದ್ರನಾಮೆ'ಯನ್ನು ಬರೆಸಿದ್ದು ಕನ್ನಡದಲ್ಲೇ. ಅಮರಸುಳ್ಯ ಸೀಮೆಯೂ ಆಗ ಅವರದೇ. 1834ರಲ್ಲಿ ಕೊಡಗನ್ನು ನುಂಗಿದ ಬ್ರಿಟಿಷರು ಅದನ್ನು ಕತ್ತರಿಸಿ ಕೆನರಾ ಜಿಲ್ಲೆಗೆ ಅಂಟಿಸಿದರು. 1837ರಲ್ಲಿ ಆ ಸೀಮೆಯ ರೈತರು ದಂಗೆಯೆದ್ದು ಮಂಗಳೂರಿನವರೆಗೆ ನಡೆದರು. ಗುಡ್ಡೆಮನೆ ಅಪ್ಪಯ್ಯಗೌಡರನ್ನು ಮಡಿಕೇರಿಯಲ್ಲಿ ಗಲ್ಲಿಗೇರಿಸಲಾಯಿತು. ಹಾಗಾದರೆ ಯಾವ ವರ್ಷದ ಗಡಿಯನ್ನು ನಿಜವಾದ ಗಡಿ ಎನ್ನೋಣ?

ಅರಸನನ್ನು ಇಳಿಸಿದಾಗ ಕರ್ನಲ್ ಫ್ರೇಸರ್ ಹೊರಡಿಸಿದ ಘೋಷಣೆ ಇನ್ನೂ ಸೊಗಸು: ಕಂಪನಿಯ ಆಳ್ವಿಕೆ ಕೊಡಗಿನವರ ಒಮ್ಮತದ ಇಚ್ಛೆಯಂತೆ! ಒಲೆಯ ಮುಂದಿದ್ದ ಹೆಂಗಸರನ್ನು, ಗದ್ದೆಯಲ್ಲಿದ್ದ ಆಳುಗಳನ್ನು ಕೇಳಿದವರು ಯಾರು? ಅರಸರ ಕಾಲದಲ್ಲೂ ಕೇಳಿರಲಿಲ್ಲ, ದೊರೆಗಳ ಕಾಲದಲ್ಲೂ ಕೇಳಲಿಲ್ಲ.

ಕೇಳಿದ್ದು 1952ರಲ್ಲಿ. ಕೊಡಗು ಆಗ 'ಸಿ' ದರ್ಜೆಯ ರಾಜ್ಯ. 24 ಸ್ಥಾನಗಳ ವಿಧಾನಸಭೆ. ಹೆಂಗಸರೂ ಮತ ಹಾಕಿದ ಆ ಚುನಾವಣೆಯಲ್ಲಿ ಕಾಂಗ್ರೆಸ್ಸಿಗೆ 15 ಸ್ಥಾನ ಬಂದು ಸಿ.ಎಂ. ಪೂಣಚ್ಚ ಮುಖ್ಯಮಂತ್ರಿಯಾದರು. ವಿಲೀನ ಬೇಡವೆಂದ ಪಂದ್ಯಂಡ ಬೆಳ್ಳಿಯಪ್ಪನವರ ತಕ್ಕಡಿ ಪಕ್ಷದ ಕಡೆ ಉಳಿದ 9. 1956ರ ನವೆಂಬರ್ 1ರಂದು ಕೊಡಗು ಮೈಸೂರು ರಾಜ್ಯಕ್ಕೆ ಸೇರಿತು, ಆ ಸಭೆ ಮುಚ್ಚಿತು. ಕೊಡಗನ್ನು ಬಲವಂತದಿಂದ ಕಟ್ಟಿ ತಂದರು ಎನ್ನುವುದು ಸುಳ್ಳು. ಎಲ್ಲರೂ ನಗುನಗುತ್ತಾ ಬಂದರು ಎನ್ನುವುದೂ ಅಷ್ಟೇ ಸುಳ್ಳು. 24 ಶಾಸಕರಿದ್ದ ನಾಡಿಗೆ ಈಗ ಇರುವುದು 224ರಲ್ಲಿ ಇಬ್ಬರು, ಮಡಿಕೇರಿಗೊಬ್ಬರು, ವಿರಾಜಪೇಟೆಗೊಬ್ಬರು. ಮೂರನೆಯದಾಗಿದ್ದ ಸೋಮವಾರಪೇಟೆ ಕ್ಷೇತ್ರ 2008ರಲ್ಲಿ ಹೋಯಿತು. ಅರಮನೆಗಿಂತ ಈ ಲೆಕ್ಕವೇ ಗಟ್ಟಿಯಾದ ವಾದ.

"ಇವರಿಗೆ ಕೊಟ್ಟರೆ ನಾಳೆ ಎಲ್ಲರೂ ಕೇಳುತ್ತಾರೆ" ಎಂಬ ಹೆದರಿಕೆ ಬೇಡ. ನಿಜಾಮನ ಆಳ್ವಿಕೆಯಲ್ಲಿ ಹಿಂದೆ ಬಿದ್ದೆವೆಂದು ಕಲಬುರಗಿ, ರಾಯಚೂರಿನವರು ವಾದಿಸಿದರು. 2012ರ ಸಂವಿಧಾನ ತಿದ್ದುಪಡಿಯಿಂದ 371(ಜೆ) ಬಂತು. ಕರ್ನಾಟಕವೇನೂ ಒಡೆಯಲಿಲ್ಲ. ದೂರದ ಸ್ಕಾಟ್ಲೆಂಡಿನ ಪಾರ್ಲಿಮೆಂಟು 1707ರಲ್ಲಿ ಮುಚ್ಚಿ, 1999ರಲ್ಲಿ ಮತ್ತೆ ತೆರೆಯಿತು. 2014ರಲ್ಲಿ ಪ್ರತ್ಯೇಕವಾಗುತ್ತೀರಾ ಎಂದು ಜನರನ್ನೇ ಕೇಳಿದಾಗ ನೂರಕ್ಕೆ 55 ಮಂದಿ ಬೇಡವೆಂದರು.

ನಾನು ಪ್ರತ್ಯೇಕ ರಾಜ್ಯದ ಪರವಲ್ಲ. ಕೊಡಗೆಂದರೆ ಕೊಡವರಷ್ಟೇ ಅಲ್ಲ. ಅರೆಭಾಷೆಯ ಗೌಡರಿದ್ದಾರೆ, ಯರವರು, ಕುರುಬರು, ಮಾಪಿಳ್ಳೆಗಳಿದ್ದಾರೆ. ಆದರೆ ತಮ್ಮ ಕಾಡು, ನೀರು, ತೋಟದ ವಿಷಯದಲ್ಲಿ ಇವರೆಲ್ಲರೂ ಆರಿಸಿದ, ಕೈಯಲ್ಲಿ ಹಣವೂ ಅಧಿಕಾರವೂ ಇರುವ ಸಭೆಯೊಂದು ಮಡಿಕೇರಿಯಲ್ಲಿ ಇರಲೇಬೇಕು. ಕೇಳಿದವರಿಗೆ "ನೀವು ಕನ್ನಡಿಗರಲ್ಲವೇ?" ಎಂದು ಗದರುವುದು ಉತ್ತರವಲ್ಲ. ಮನೆಗೆ ಬಂದ ಸೊಸೆ ತವರಿನ ಆಸ್ತಿಯ ಲೆಕ್ಕ ಕೇಳಿದರೆ, "ನೀನು ಈ ಮನೆಯವಳಲ್ಲವೇ?" ಎಂದು ಬಾಯಿ ಮುಚ್ಚಿಸುವ ಹಳೆಯ ಉಪಾಯವದು. ಆ ಉಪಾಯ ನಮಗೆ, ಹೆಂಗಸರಿಗೆ, ಚೆನ್ನಾಗಿ ಗೊತ್ತು.